ಗಾಡಿ ತಗೊಳ್ಳೋಕೆ ಮುಂಚೆ, ತಮ್ಮನಿಗೆ

ಕಾರ್ಪಸ್ ಕ್ರಿಸ್ಟಿ, ಟೆಕ್ಸಾಸ್
ಭಾನುವಾರ ರಾತ್ರಿ

ಅಪ್ಪ, ಅವ್ವ, ಇಬ್ರಿಗೂ ನಮಸ್ಕಾರ. ನಾನಿಲ್ಲಿ ಆರಾಮಿದೀನಿ, ಕೆಲ್ಸ ಚೆನ್ನಾಗಿ ನಡೀತೈತೆ, ಅಡುಗೆ ನಾನೇ ಮಾಡ್ಕೊಳ್ತೀನಿ, ಅವ್ವ ಕಳ್ಸಿದ ಖಾರದಪುಡಿ ಇನ್ನೂ ಅರ್ಧ ಡಬ್ಬ ಐತೆ. ತಮ್ಮಾ, ಇದು ಜಾಸ್ತಿ ನಿಂಗೆ ಅಂತಾನೇ ಬರ್ದಿದ್ದು, ಆದ್ರೆ ಊಟ ಆದ್ಮೇಲೆ ಅಪ್ಪನ ಹತ್ರ ಕೂತು ಪೂರ್ತಿ ಓದಿ ಹೇಳು.

ಹೋದ ವಾರ ಫೋನಲ್ಲಿ ನೀನು "ಅಣ್ಣಾ, ಎಷ್ಟು ದಿನ ಅಂತ ಬಾಡಿಗೆ ಲಗೇಜ್ ಆಟೋದಲ್ಲಿ ಬಲೆ ಹರಿಗೋಲು ಸಾಗ್ಸೋದು, ನಮ್ದೇ ಒಂದು ಗಾಡಿ ತಗೊಂಬಿಡ್ತೀನಿ" ಅಂದೆಯಲ್ಲ, ಅವತ್ತಿಂದ ಖುಷಿಗೆ ನಂಗೆ ನಿದ್ದೇನೇ ಇಲ್ಲ ಕಣೋ. ಆದ್ರೆ ನೀನು ಯಾವ ಗಾಡಿ, ಇಎಂಐ ಎಷ್ಟು, ಇಷ್ಟೇ ಮಾತಾಡಿದ್ದು. ಗಾಡಿ ಶೋರೂಮಿಂದ ಬರೋವಾಗ ಬರೀ ಖಾಲಿ ತಗಡಿನ ತೊಟ್ಟಿ. ಅದ್ರೊಳಗೆ ಏನು ಎಲ್ಲಿ ಕೂರ್ಬೇಕು ಅನ್ನೋದು ಮೊದ್ಲೇ ತಲೇಲಿ ಇಲ್ಲ ಅಂದ್ರೆ, ಅಷ್ಟು ದುಡ್ಡು ಹಾಕಿದ್ಮೇಲೂ ಎತ್ತೋದು ಇಳಿಸೋದು ಅಪ್ಪನ ಸೊಂಟಕ್ಕೇ ಬೀಳ್ತೈತೆ. ಫೋನಲ್ಲಿ ಅಳತೆಗಿಳತೆ ಹೇಳಿದ್ರೆ ಅರ್ಧ ಮರ್ತೋಗ್ತೈತೆ, ಅದಕ್ಕೇ ಬರೀತಿದೀನಿ, ಇದನ್ನೇ ಬಾಡಿ ಕಟ್ಟೋರಿಗೂ ತೋರ್ಸು.

ನನ್ನ ಗಾಡಿ ನಿಂಗೆ ಫೋಟೋದಲ್ಲಿ ಗೊತ್ತು, 2016ರ ಟೊಯೋಟಾ ಟಕೋಮಾ, ಸೆಕೆಂಡ್ ಹ್ಯಾಂಡ್, ಹಿಂದಿನ ತೊಟ್ಟಿ 6 ಅಡಿ ಉದ್ದ, ನಾಕೂ ಚಕ್ರ ಎಳೀತಾವೆ. ಇಲ್ಲಿಂದ ಸ್ವಲ್ಪ ದೂರದಲ್ಲೇ ಪಾಡ್ರೆ ಐಲ್ಯಾಂಡ್ ಐತೆ. ಸರ್ಕಾರ ಕಾಪಾಡ್ಕೊಂಡು ಬಂದಿರೋ ಮರಳು ದಂಡೆ, ಸುಮಾರು 70 ಮೈಲಿ ಉದ್ದ, ದಾವಣಗೆರೆಯಿಂದ ಹಿರಿಯೂರಿಗೆ ಹೋದಷ್ಟು ದೂರ ಅನ್ಕೋ, ಅಷ್ಟುದ್ದಕ್ಕೂ ಒಂದು ಕಡೆ ಸಮುದ್ರ ಇನ್ನೊಂದು ಕಡೆ ಹಿನ್ನೀರು. ಮರಳಲ್ಲಿ ಮೊದಲ 5 ಮೈಲಿ ಆದ್ಮೇಲೆ ಫೋರ್ ವೀಲ್ ಗಾಡಿ ಇಲ್ದೆ ಹೋಗಂಗಿಲ್ಲ. ಪೆಟ್ರೋಲ್ ಇಲ್ಲ, ಅಂಗಡಿ ಇಲ್ಲ. ಏಪ್ರಿಲಿಂದ ಜುಲೈವರೆಗೂ ಕೆಂಪ್ಸ್ ರಿಡ್ಲಿ ಅನ್ನೋ ಆಮೆಗಳು ಹಗಲು ಹೊತ್ತಲ್ಲೇ ದಡಕ್ಕೆ ಬಂದು ಮೊಟ್ಟೆ ಇಡ್ತಾವೆ, ಮರಳಿಗೂ ಅವಕ್ಕೂ ವ್ಯತ್ಯಾಸ ಕಾಣಲ್ಲ, ಹಂಗಾಗಿ ಕಣ್ಣು ನೆಲದ ಮೇಲೇ ಇಟ್ಕೊಂಡು ನಿಧಾನಕ್ಕೆ ಓಡಿಸ್ಬೇಕು.

ಮೊದಲನೇ ಸಲ ಹೋದಾಗ ಆಗಿದ್ದನ್ನ ನಿಮ್ಗೆ ಹೇಳಿರ್ಲಿಲ್ಲ, ಅವ್ವ ಗಾಬರಿ ಆಗ್ತಾಳೆ ಅಂತ. ರೋಡಲ್ಲಿ ಓಡಿಸ್ದಂಗೆ ಟೈರಿಗೆ 35 ಪಾಯಿಂಟ್ ಗಾಳಿ ಇಟ್ಕೊಂಡೇ ಮರಳಿಗೆ ಇಳಿದ್ಬಿಟ್ಟೆ. ಹನ್ನೆರಡು ಮೈಲಿ ಹೋಗಿರ್ಬೇಕು, ಒಂದು ಕಡೆ ಮರಳು ಹಿಟ್ಟಿನ ಥರ ಸಡಿಲ, ಹಿಂದಿನ ಚಕ್ರ ತಿರುಗ್ತಾನೇ ಐತೆ ಗಾಡಿ ಇಳೀತಾನೇ ಐತೆ, ಆಕ್ಸೆಲ್ ಮರಳಿಗೆ ತಾಗೋವರೆಗೂ ಹೂತೋತು. ಅಲೆ ಏರ್ತಾ ಇತ್ತು. ಸಲಿಕೆ ತಂದಿದ್ದೆ, ಇಲ್ಲ ಅಂತಲ್ಲ, ಆದ್ರೆ ತೊಟ್ಟಿಯ ತಳದಲ್ಲಿ ಇತ್ತು, ಅದ್ರ ಮೇಲೆ ಐಸ್ ತುಂಬಿದ ಕೂಲರ್, ಕೂಲರ್ ಮೇಲೆ ಟೆಂಟು, ಟೆಂಟಿನ ಮೇಲೆ ಗಾಳದ ಕೋಲುಗಳು. ಒಂದೊಂದೇ ತೆಗ್ದು ಮರಳ ಮೇಲೆ ಹಾಕ್ತಾ ಹೋದ್ರೆ ಸಲಿಕೆ ಕೈಗೆ ಬರೋಕೆ ಇಪ್ಪತ್ತು ನಿಮಿಷ ಹಿಡೀತು, ಅಷ್ಟೊತ್ತಿಗೆ ನೊರೆ ನೀರು ಚಕ್ರಕ್ಕೆ ಬಡೀತಿತ್ತು. ಅವಸರದಲ್ಲಿ ಹಿಂದಿನ ಡೋರ್ ಹಾಕಿದೆ ನೋಡು, ಹೊಸಾ ಕೋಲಿನ ತುದಿ ಅದ್ರಲ್ಲಿ ಸಿಕ್ಕಿ ಟಕ್ ಅಂತ ಮುರೀತು.

ಅಷ್ಟರಲ್ಲಿ ಅಲ್ಲಿಯವರೊಬ್ರು ವಯಸ್ಸಾದ ಮನುಷ್ಯ ತಮ್ಮ ಹಳೇ ಗಾಡಿ ನಿಲ್ಸಿ ಇಳಿದು ಬಂದ್ರು. ಮೊದ್ಲು ನಾಕೂ ಟೈರಿನ ಗಾಳಿ 16 ಪಾಯಿಂಟಿಗೆ ಇಳಿಸಿದ್ರು, ಟೈರು ಒಂಟೆ ಪಾದದ ಥರ ಅಗಲ ಆತು, ಚಕ್ರದ ಮುಂದಿನ ಮರಳು ತೋಡಿ ಒಂದೊಂದು ಹಲಗೆ ಕೊಟ್ರು, ಆಮೇಲೆ ನಿಧಾನಕ್ಕೆ ಆಕ್ಸಿಲರೇಟರ್ ಕೊಡು ಅಂದ್ರು. ಐದೇ ನಿಮಿಷ. ಅವರ ಗಾಡೀಲಿ ಗಾಳಿ ನೋಡೋ ಮೀಟರ್ ಡ್ರೈವರ್ ಬಾಗಿಲ ಜೇಬಲ್ಲಿತ್ತು, ಸಲಿಕೆ ಹೊರಗಡೆ ಕ್ಲಾಂಪಲ್ಲಿ. ಹುಡುಕಾಡೋದೇ ಇಲ್ಲ, ಕೈ ತಾನಾಗೇ ಅಲ್ಲಿಗೆ ಹೋಗ್ತಿತ್ತು.

ನಂಗೆ ಆಗ ಅಪ್ಪನ ಚಾಕು ನೆನಪಾತು. ಹರಿಗೋಲಿನ ಅಂಚಿಗೆ, ಬಲಗಡೆ, ನೀಲಿ ನೈಲಾನ್ ದಾರದಲ್ಲಿ ಕಟ್ಟಿರ್ತಿದ್ರಲ್ಲ, ಮರದ ಹಿಡಿ ಸವೆದು ಬೆರಳಿನ ಗುಂಡಿ ಬಿದ್ದಿದ್ದು. ನಾವು ಚಿಕ್ಕೋರಿದ್ದಾಗ ಮಾವಿನಕಾಯಿ ಹೆಚ್ಚೋಕೆ ಅಂತ ಬಿಚ್ಕೊಂಡು ಹೋಗಿ ಎಷ್ಟು ಏಟು ತಿಂದಿದೀವಿ. ಬಲೆ ಕಾಲಿಗೆ ಸುತ್ಕೊಂಡು ನೀರೊಳಗೆ ಎಳೆದ್ರೆ ಚೀಲದಲ್ಲಿ ಚಾಕು ಹುಡುಕ್ತಾ ಕೂರೋಕಾಗ್ತೈತಾ ಅಂತ ಬೈದಿದ್ರು. ಸಮುದ್ರದ ದಡದಲ್ಲಿ ನಿಂತಾಗ ಆ ಮಾತು ಕಿವೀಲಿ ಕೇಳ್ದಂಗಾತು ಅಪ್ಪ, ನಿಜವಾಗ್ಲೂ.

ಮನೆಗೆ ಬಂದು ಎಲ್ಲಾ ಬಿಚ್ಚಿ ಮೊದಲಿಂದ ಕಟ್ಟಿದೆ, ನಾಕು ವಾರದ ಶನಿವಾರ ಭಾನುವಾರ ಅದಕ್ಕೇ ಹೋತು. ತೊಟ್ಟಿ ತಳಕ್ಕೆ 18 ಎಂಎಂ ಪ್ಲೈವುಡ್ಡಲ್ಲಿ ಎರಡು ಉದ್ದನೆ ಡ್ರಾಯರ್ ಕಟ್ಟಿದೆ, ಹಿಂದಿನ ಡೋರ್ ತೆಗೆದ್ರೆ ಎಳ್ಕೊಳ್ಳಂಗೆ. ಎಡಗಡೇದ್ರಲ್ಲಿ ಗಾಳ, ಸೀಸದ ಗುಂಡು, ದಾರ, ಇಕ್ಕಳ. ಬಲಗಡೇದ್ರಲ್ಲಿ ಟೈರಿಗೆ ಗಾಳಿ ತುಂಬೋ ಕಂಪ್ರೆಸರ್, ಎಳೆಯೋ ಬೆಲ್ಟು, ಟಾರ್ಚು. ಕಬ್ಬಿಣದ ಸ್ಲೈಡರ್ ಹಾಕ್ಲಿಲ್ಲ, ಯಾಕಂದ್ರೆ ಅದ್ರ ಬೇರಿಂಗಿಗೆ ನಾಕು ಕಾಳು ಮರಳು ಹೋದ್ರೆ ಜಾಮ್. ತರಕಾರಿ ಹೆಚ್ಚೋ ಬಿಳಿ ಪ್ಲಾಸ್ಟಿಕ್ ಹಲಗೆ ಬರ್ತೈತಲ್ಲ, ಅದನ್ನೇ ಪಟ್ಟಿ ಪಟ್ಟಿಯಾಗಿ ಕೊಯ್ದು ಕೆಳಗೆ ಬಡ್ದು ಮೇಣ ಸವರಿದೀನಿ, ಮರಳು ಬಿದ್ರೂ ಸರ್ ಅಂತ ಬರ್ತೈತೆ. ಬೋಲ್ಟೆಲ್ಲಾ ಸ್ಟೇನ್‌ಲೆಸ್ ಸ್ಟೀಲು, ಅದ್ರಲ್ಲೂ 316 ನಂಬರಿಂದು, ಉಪ್ಪು ನೀರಿಗೆ ಅದು ತಡ್ಕೊಳ್ತೈತೆ. ಸಲಿಕೆ, ಹಲಗೆ ಎರಡೂ ಈಗ ಹೊರಗಡೆ, ಏನನ್ನೂ ತೆಗೀದೆ ಕೈಗೆ ಸಿಗ್ತಾವೆ.

ಕೋಲು ನಿಲ್ಸೋಕೆ 2 ಇಂಚಿನ ಪಿವಿಸಿ ಪೈಪು, ನಮ್ಮಲ್ಲಿ ತೋಟಕ್ಕೆ ಹಾಕ್ತಾರಲ್ಲ ಅದೇ. ಒಂದೊಂದು ಒಂದೂವರೆ ಅಡಿಗೆ ಕೊಯ್ದು, ಮೇಲ್ಗಡೆ ಬಾಯಿಗೆ ಒಂದು ಇಂಚು ಅಗಲದ ಸೀಳು ಮಾಡಿದೀನಿ, ರೀಲಿನ ಕಾಲು ಅದ್ರಲ್ಲಿ ಕೂತ್ರೆ ಕೋಲು ತಿರುಗಲ್ಲ. ಕೆಳಗೆ ಅಡ್ಡಕ್ಕೆ ಒಂದು ಬೋಲ್ಟು, ಕೋಲು ಜಾರಿ ಬೀಳದಂಗೆ, ನೀರೂ ಇಳಿದು ಹೋಗ್ತೈತೆ. ಬಾಯಿ ಅಂಚನ್ನ ಅರದಲ್ಲಿ ಉಜ್ಜಿ ನಯ ಮಾಡ್ಲೇಬೇಕು, ಇಲ್ಲಾಂದ್ರೆ ಕೋಲಿನ ಮೇಲೆ ಗೀರು ಬಿದ್ದು ಅಲ್ಲಿಂದಾನೇ ಮುರೀತೈತೆ. 12 ಅಡಿ ಕೋಲನ್ನ ಮರಳ ಮೇಲಷ್ಟೇ ನಿಲ್ಸೋದು, ಹೈವೇಲಿ ಎರಡು ತುಂಡು ಮಾಡಿ ಮಲಗ್ಸಿ ಕಟ್ತೀನಿ. ಹಿಂದಿನ ಡೋರಿನ ಒಳಗಡೆಗೆ ಒಂದು ಅಳತೆ ಪಟ್ಟಿ ಅಂಟಿಸಿ 20 ಇಂಚಿಗೂ 28 ಇಂಚಿಗೂ ಕೆಂಪು ಗೆರೆ ಹಾಕಿದೀನಿ. ಟೆಕ್ಸಾಸಲ್ಲಿ ರೆಡ್‌ಫಿಶ್ ಅನ್ನೋ ಮೀನು ಸಾಮಾನ್ಯವಾಗಿ ಆ ಎರಡು ಗೆರೆ ಮಧ್ಯೆ ಇದ್ರೇನೇ ಇಟ್ಕೊಳ್ಬೋದು, ಅದೂ ದಿನಕ್ಕೆ ಮೂರೇ. ಅಪ್ಪ ಮರಿ ಮೀನು ಬಲೇಲಿ ಬಂದ್ರೆ ಒಂದು ಮಾತೂ ಆಡ್ದೆ ವಾಪಸ್ ಕೆರೆಗೆ ಬಿಡ್ತಿದ್ದಿದ್ದನ್ನ ಇಲ್ಲಿ ಕಾನೂನು ಮಾಡಿದಾರೆ ನೋಡು.

ಇನ್ನೊಂದು ಕೇಳಿದ್ರೆ ಅಪ್ಪನಿಗೆ ಖುಷಿ ಆಗ್ತೈತೆ. ಇಲ್ಲೂ ಬೀಸುಬಲೆ ಐತೆ! ದೊಡ್ಡ ಮೀನಿಗಲ್ಲ, ಗಾಳಕ್ಕೆ ಸಿಗಿಸೋ ಮಲೆಟ್ ಅನ್ನೋ ಸಣ್ಣ ಮೀನು ಹಿಡಿಯೋಕೆ, 14 ಅಡಿಗಿಂತ ಅಗಲ ಇರಂಗಿಲ್ಲ. ನಮ್ಮ ಕೆರೆಯ ಬಸವನ ತೂಬಿನ ಹತ್ರ ಅಪ್ಪ ಹೇಳಿಕೊಟ್ಟಂಗೇ, ಅರ್ಧ ಎಡ ಮೊಣಕೈ ಮೇಲೆ, ಒಂದು ಗುಂಡು ಬಾಯಲ್ಲಿ ಕಚ್ಕೊಂಡು, ಸೊಂಟ ತಿರುಗ್ಸಿ ಬೀಸ್ತೀನಿ, ಪೂರ್ತಿ ದುಂಡಗೆ ಬಿಚ್ಕೊಂಡು ನೀರಿಗೆ ಬೀಳ್ತೈತೆ. ಅದನ್ನ ಗಾಡೀಲಿ ಇಡೋದು 20 ಲೀಟರಿನ ಬಕೆಟ್ಟಲ್ಲಿ, ಬಕೆಟ್ ತಳಕ್ಕೂ ಪಕ್ಕಕ್ಕೂ ತೂತು. ನೀರು ಸೋರಿ ಹೋಗ್ತೈತೆ, ಗಾಳಿ ಆಡ್ತೈತೆ, ಬಿಸಿಲು ಬೀಳಲ್ಲ, ಗಾಳಕ್ಕೆ ಸಿಕ್ಕಿ ಹರಿಯಲ್ಲ. ನಮ್ಮನೇಲಿ ಒದ್ದೆ ಬಲೇನ ಗೋಣಿಚೀಲಕ್ಕೆ ತುರುಕಿ ಇಡ್ತೀವಲ್ಲ, ಆ ವಾಸನೆಗೆ ಇಲಿ ಬಂದು ಕಡಿಯೋದು. ಇದೊಂದನ್ನ ನಾಳೆನೇ ಮಾಡು, ಪೇಂಟ್ ಡಬ್ಬ ತಂದು ತೂತು ಹೊಡಿ, ಗಾಡಿ ಬರೋವರ್ಗೂ ಕಾಯೋದು ಬೇಡ.

ಭಾರದ ವಿಷ್ಯ ಗಮನ ಇಟ್ಟು ಓದು. ನನ್ನ ಕೂಲರ್ 113 ಲೀಟರಿಂದು, ಐಸ್ ತುಂಬಿದ್ರೆ 70, 80 ಕೆಜಿ. ಮೊದ್ಲು ಅದನ್ನ ಹಿಂದಿನ ಡೋರ್ ಹತ್ರ ಇಟ್ಟಿದ್ದೆ, ತೆಗೆಯೋಕೆ ಸುಲಭ ಅಂತ. ಹಿಂದಿನ ಆಕ್ಸೆಲ್ಲಿಗಿಂತ ಹಿಂದಕ್ಕೆ ಭಾರ ಬಿದ್ರೆ ಮುಂಭಾಗ ಎದ್ದಂಗಾಗಿ ಸ್ಟೇರಿಂಗ್ ಹಗುರ ಆಗ್ತೈತೆ, ಹೈವೇಲಿ ಅದು ಅಪಾಯ. ಈಗ ಕೂಲರ್ ಕ್ಯಾಬಿನ್ನಿಗೆ ಆನಿಸಿ ಬೆಲ್ಟ್ ಬಿಗಿದಿದೀನಿ, ಆದ್ರೆ ಮೀನು ಹಾಕ್ಬೇಕು ಅಂದ್ರೆ ತೊಟ್ಟಿ ಮೇಲೆ ಹತ್ಬೇಕು. ಇದ್ರಲ್ಲಿ ನಮ್ಮೂರ ಗಾಡಿಗಳೇ ವಾಸಿ, ಮೂರು ಕಡೆ ಡೋರ್ ಬಿಚ್ತಾವೆ, ಐಸ್ ಬಾಕ್ಸ್ ಮುಂದೆ ಇದ್ರೂ ಪಕ್ಕದ ಡೋರ್ ಇಳಿಸಿದ್ರೆ ನೆಲದ ಮೇಲೆ ನಿಂತೇ ಹಾಕ್ಬೋದು.

ನೀನು ಲೆಕ್ಕ ಹಾಕು. ಬೇಸಿಗೇಲಿ 1 ಕೆಜಿ ಮೀನಿಗೆ 1 ಕೆಜಿ ಐಸ್ ಬೇಕು, ಕೆಳಗೊಂದು ಪದರ, ಮಧ್ಯೆ ಮಧ್ಯೆ, ಮೇಲೊಂದು. ಕಾಟ್ಲಾ ರೋಹು ಸೇರಿ 200 ಕೆಜಿ ಆತು ಅಂದ್ರೆ ಐಸ್ ಜೊತೆ 400, ಬಾಕ್ಸು, ಬಲೆ, ಹರಿಗೋಲು, ಹಿಂದೆ ಕೂರೋ ಒಬ್ಬ. ಟಾಟಾ ಏಸಿಗೆ 750 ಕೆಜಿ ಹತ್ರ ಅಂತಾರೆ, ಸಾಕಾಗ್ತೈತೆ. ಬೊಲೆರೋ ಪಿಕಪ್ ಟನ್ನಿಗಿಂತ ಜಾಸ್ತಿ ಹೊರ್ತೈತೆ, ನಿಂಗೆ ಆಸೆ ಅದ್ರ ಮೇಲೇ ಅಂತ ಗೊತ್ತು, ಆದ್ರೆ ಅದ್ರ ತಳ ಎತ್ತರ, ಪ್ರತಿ ಕ್ರೇಟನ್ನೂ ಅಪ್ಪ ಎದೆ ಮಟ್ಟಕ್ಕೆ ಎತ್ಬೇಕಾಗ್ತೈತೆ. ನನ್ನ ಮನಸ್ಸು ಏಸ್ ಕಡೆನೇ. ಹರಿಗೋಲು ತೊಟ್ಟಿಯೊಳಗೆ ಮಲಗಲ್ಲ, ಅಗಲ ಸಾಲಲ್ಲ, ಹಂಗಾಗಿ ಮೇಲೊಂದು ಪೈಪಿನ ಫ್ರೇಮ್ ಮಾಡ್ಸಿ ಬೋರಲು ಹಾಕಿ ಕಟ್ಟು. ಅಂಗಾತ ಹಾಕಿದ್ರೆ ಬಟ್ಲಿಗೆ ಗಾಳಿ ತುಂಬ್ಕೊಂಡಂಗೆ ಎತ್ತಿ ಎಸೀತೈತೆ. ಫ್ರೇಮ್ ಮಾಡ್ಸೋ ಮುಂಚೆ ಆರ್‌ಟಿಒದಲ್ಲಿ ಎಷ್ಟು ಎತ್ತರ, ಎಷ್ಟು ಅಗಲ ಬಿಡ್ತಾರೆ ಅಂತ ಕೇಳು, ಆಮೇಲೆ ಬಿಚ್ಚಿಸೋದು ಬೇಡ.

ತಳಕ್ಕೆ ಅಲ್ಯೂಮಿನಿಯಂ ಚೆಕರ್ ಶೀಟ್ ಹಾಕ್ಸು, ಹಿಂದಕ್ಕೆ ಸ್ವಲ್ಪ ಇಳಿಜಾರು ಇರ್ಲಿ, ಮೂಲೇಲಿ ಒಂದು ತೂತು, ಅದಕ್ಕೆ ಪೈಪು, ಪೈಪಿಗೆ ಕ್ಯಾನು. ಮೀನಿನ ನೀರು ಪಿ.ಬಿ. ರೋಡಲ್ಲಿ ಸುರಿಸ್ಕೊಂಡು ಹೋಗೋ ಗಾಡಿಗಳನ್ನ ನೋಡಿದೀಯ, ಹಿಂದೆ ಬರೋ ಬೈಕಿನೋರು ಜಾರ್ತಾರೆ, ನಮ್ಮ ಗಾಡಿಯಿಂದ ಯಾರೂ ಬೀಳ್ಬಾರ್ದು. ತೊಳೆಯೋದ್ರಲ್ಲಿ ಸೋಮಾರಿತನ ಮಾಡ್ಬೇಡ. ನಾನಂತೂ ಹುಲ್ಲಿಗೆ ನೀರು ಹೊಡಿಯೋ ಸ್ಪ್ರಿಂಕ್ಲರನ್ನ ಗಾಡಿ ಕೆಳಗೆ ತಳ್ಳಿ ಅರ್ಧ ಗಂಟೆ ಬಿಡ್ತೀನಿ, ಚಾಸಿ ಮೂಲೆಮೂಲೇಲಿರೋ ಉಪ್ಪೆಲ್ಲಾ ಇಳೀತೈತೆ. ನಿಮ್ಮಲ್ಲಿ ಉಪ್ಪಿಲ್ಲ, ಆದ್ರೆ ಮೀನಿನ ರಕ್ತ, ಲೋಳೆ ತಗಡಿನ ಸಂದಿಗೆ ಹೋದ್ರೆ ಅದೂ ತಿನ್ನುತ್ತೆ, ವಾಸನೆನೂ ಹೋಗಲ್ಲ.

ಮೀನುಗಾರಿಕೆ ಇಲಾಖೆ ಆಫೀಸಿಗೆ ಒಂದ್ಸಲ ಹೋಗಿ ಬಾ. 2020ರಲ್ಲಿ ಶುರು ಮಾಡಿದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೇಲಿ ಐಸ್ ಬಾಕ್ಸ್ ಇರೋ ಬೈಕು, ಆಟೋ, ಇನ್ಸುಲೇಟೆಡ್ ಗಾಡಿಗೆಲ್ಲ ಸಹಾಯಧನ ಇಟ್ಟಿದ್ರು, ಸಾಮಾನ್ಯ ವರ್ಗಕ್ಕೆ 40 ಪರ್ಸೆಂಟು, ಎಸ್‌ಸಿ ಎಸ್‌ಟಿ ಮತ್ತೆ ಹೆಣ್ಮಕ್ಕಳಿಗೆ 60. ಈಗ ಅರ್ಜಿ ತಗೊಳ್ತಾರಾ ಕೇಳು, ತಗೊಂಡ್ರೆ ಅವ್ವನ ಹೆಸ್ರಲ್ಲೇ ಹಾಕು. ಇಷ್ಟು ವರ್ಷ ಬುಟ್ಟಿ ಹೊತ್ತು ಮೀನು ಮಾರಿದೋಳು ಅವ್ವ, ಗಾಡಿ ಅವಳ ಹೆಸ್ರಲ್ಲಿದ್ರೆ ನಂಗೆ ಸಮಾಧಾನ. ಡೌನ್ ಪೇಮೆಂಟಿಗೆ ನಾನು ಕಳಿಸ್ತೀನಿ, ಅದ್ರ ಬಗ್ಗೆ ಮಾತು ಬೇಡ.

ಈಗ ನಂಗೆ ಮೂರು ಅಳತೆ ಬೇಕು, ಅವ್ವನ ಟೈಲರ್ ಟೇಪ್ ತಗೋ. ಹರಿಗೋಲು ಅಂಚಿಂದ ಅಂಚಿಗೆ ಎಷ್ಟು. ಮೀನು ತುಂಬೋ ಕ್ರೇಟಿನ ಉದ್ದ ಅಗಲ ಎತ್ತರ. ಆಮೇಲೆ ಅಪ್ಪನ್ನ ಗೋಡೆಗೆ ಆನಿಸಿ ನಿಲ್ಸಿ, ನೆಲದಿಂದ ಸೊಂಟದವರೆಗೆ ಎಷ್ಟು ಇಂಚು ಅಂತ ನೋಡು, ಆ ಎತ್ತರಕ್ಕಿಂತ ಮೇಲೆ ಐಸ್ ಬಾಕ್ಸಿನ ಬಾಯಿ ಬರ್ಬಾರ್ದು. ಕೆರೆ ಹತ್ರ ಅಪ್ಪ ಚಪ್ಪಲಿ ಹಾಕಲ್ಲ, ಬರಿಗಾಲಲ್ಲೇ ನಿಲ್ಸಿ ಅಳೆ. ಬರ್ದು ಫೋಟೋ ಹೊಡೆದು ಕಳ್ಸು, ನಾನು ಮುಂದಿನ ಭಾನುವಾರದೊಳಗೆ ಚಿತ್ರ ಬರ್ದು ಕಳಿಸ್ತೀನಿ.

ಇಂತಿ ನಿನ್ನ ಅಣ್ಣ