ಈ ಮುಂಗಾರಿನಿಂದ ಡ್ರಾಸೆರಾ ಸಸಿ ಪಾರ್ಸಲ್ ಇಲ್ಲ, ಬೀಜ ಮಾತ್ರ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಹುಳ ಹಿಡಿದು ತಿನ್ನುವ ಗಿಡವಾದ ಡ್ರಾಸೆರಾದ ಸಸಿಗಳನ್ನು ಕುಂಡದ ಸಮೇತ ಪಾರ್ಸಲ್ ಮಾಡುವುದನ್ನು ಈ ಮುಂಗಾರಿನಿಂದ ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ಊರಿಂದೂರಿಗೆ ಹೋಗುವುದು ಬೀಜದ ಪೊಟ್ಟಣ, ಬೇಕೆಂದವರಿಗೆ ಜೊತೆಗೊಂದು ಕುಂಡಕ್ಕೆ ತುಂಬುವ ಒಣ ಮಿಶ್ರಣದ ಚೀಲ. ಧಾರವಾಡದ ನರ್ಸರಿಗೆ ಬಂದು ಕೈಯಲ್ಲಿ ಒಯ್ಯುವವರಿಗೆ ಕೆಪೆನ್ಸಿಸ್ ಎಂಬ ಡ್ರಾಸೆರಾ ಜಾತಿಯ ಸಸಿ ಮೊದಲಿನಂತೆ ಸಿಗುತ್ತದೆ.

ಈ ಗಿಡ ಹುಳ ಹಿಡಿಯುವುದು ಎಲೆಗೂದಲಿನ ತುದಿಯ ಅಂಟುಹನಿಯಿಂದ. ಒಂದು ದಿನ ಬಸ್ಸಿನ ಡಿಕ್ಕಿಯಲ್ಲಿ ಕುಲುಕಿದರೆ ಎಲೆಗೆಲ್ಲ ಮಣ್ಣು ಮೆತ್ತಿ ಹನಿ ಹೋಗುತ್ತದೆ, ಹೊಸ ಎಲೆ ಬರುವ ತನಕ ಕಾಯಬೇಕು. ಬರ್ಮಾನಿ ಎಂಬ ಇನ್ನೊಂದು ಜಾತಿಗಂತೂ ಬೇರು ಕದಲಿದರೆ ಚೇತರಿಕೆ ಕಷ್ಟ. ಮೇಲಾಗಿ ಅದು ಒಂದು ವರ್ಷದ ಗಿಡ, ಬೀಜ ಕಟ್ಟಿದ ಮೇಲೆ ಸಾಯುತ್ತದೆ. ನವೆಂಬರಿನಲ್ಲಿ ಕೊಂಡವರ ಮನೆಯಲ್ಲಿ ಜನವರಿಗೆ ಅದು ಒಣಗಿದರೆ ಸಾಕಿದವರ ತಪ್ಪೇನಿಲ್ಲ. ಬೀಜದಿಂದ ಬೆಳೆಸಿದರೆ ಅದರ ಪೂರ್ತಿ ಆಯುಷ್ಯ ನಿಮಗೇ ಸಿಗುತ್ತದೆ.

ಬಿತ್ತುವ ಮೊದಲು ನೀರಿನ ವಿಚಾರ ಇತ್ಯರ್ಥವಾಗಲಿ, ಏಕೆಂದರೆ ಹೆಚ್ಚಿನ ಗಿಡಗಳು ಸಾಯುವುದು ಅಲ್ಲಿಯೇ. ಡ್ರಾಸೆರಾ ಸಾರವಿಲ್ಲದ ಹುಳಿ ನೆಲದ ಗಿಡ. ಸಾರಜನಕವನ್ನು ಹುಳದಿಂದ ಪಡೆಯುತ್ತದೆ, ಬೇರಿಗೆ ಉಪ್ಪು ತಾಳುವ ಶಕ್ತಿ ಇಲ್ಲ. ತಟ್ಟೆಯಲ್ಲಿ ನಿಂತ ನೀರು ಆವಿಯಾದಂತೆ ಉಪ್ಪು ಮಣ್ಣಿನಲ್ಲೇ ಉಳಿದು ವಾರದಿಂದ ವಾರಕ್ಕೆ ಏರುತ್ತದೆ. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ 50 ಪಿಪಿಎಂಗಿಂತ ಕಡಿಮೆ ತೋರಿಸುವ ನೀರೇ ಬೇಕು. ಬೋರ್ ನೀರು ಬೇಡವೇ ಬೇಡ, ಗದಗ ಕಡೆಯವರು ಇದನ್ನು ಎರಡು ಸಲ ಓದಿರಿ. ನಳದ ನೀರನ್ನು ಕಾಯಿಸಿ ಆರಿಸಿದರೆ ಕ್ಲೋರಿನ್ ಹೋದೀತು, ಉಪ್ಪು ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನಡೆಯಬಹುದು, ಆದರೆ ಘಟಕದಿಂದ ಘಟಕಕ್ಕೆ ಅಂಕಿ ಬೇರೆ, ಅಳೆದೇ ಬಳಸಿ. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು: ಮೊದಲ ಕಾಲು ತಾಸಿನ ಮಳೆ ಬಿಟ್ಟು, ಪ್ಲಾಸ್ಟಿಕ್ ಹಾಳೆ ಕಟ್ಟಿ ಹಿಡಿಯಿರಿ. ಸಿಮೆಂಟ್ ಮಾಳಿಗೆಯಿಂದ ಇಳಿದ ನೀರಿನಲ್ಲಿ ಸುಣ್ಣ ಇರುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಆಗುತ್ತದೆ, ಆದರೆ ಪಕ್ಕದಲ್ಲೇ ಇಟ್ಟಿರುವ ಆಸಿಡ್ ಕ್ಯಾನ್ ತಂದುಬಿಟ್ಟೀರಿ!

ಮಿಶ್ರಣ ಒಂದು ಪಾಲು ಪೀಟ್ ಮಾಸ್ (ಜೌಗು ನೆಲದ ಅರೆಕೊಳೆತ ಪಾಚಿ), ಒಂದು ಪಾಲು ತೊಳೆದ ದಪ್ಪ ಉಸುಕು ಅಥವಾ ಪರ್ಲೈಟ್ (ಹಗುರವಾದ ಬಿಳಿ ಹರಳು). ಎರೆ ಮಣ್ಣು, ಮಸಾರಿ, ಎರೆಹುಳು ಗೊಬ್ಬರ ಚಿಟಿಕೆಯಷ್ಟೂ ಬೇಡ. ಉಸುಕಿನ ಮೇಲೆ ವಿನೆಗರ್ ಹಾಕಿ ನೋಡಿ. ನೊರೆ ಗುಳ್ಳೆ ಎದ್ದರೆ ಸುಣ್ಣವಿದೆ, ಅದು ಬೇಡ. ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್ ಅಗ್ಗ ನಿಜ, ಆದರೆ ಅದರ ಉಪ್ಪು ಹೋಗಲು ಒಳ್ಳೆಯ ನೀರಿನಲ್ಲಿ ಮತ್ತೆ ಮತ್ತೆ ನೆನೆಸಿ ಹಿಂಡಬೇಕು. ಅಷ್ಟು ನೀರಿನ ಲೆಕ್ಕ ಹಾಕಿದರೆ ಅದು ಅಗ್ಗವಾಗಿ ಉಳಿಯುವುದಿಲ್ಲ. ಒಣ ಪೀಟ್ ನೀರು ಹಿಡಿಯದೆ ತೇಲುತ್ತದೆ, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಹಿಡಿಯಲ್ಲಿ ಹಿಂಡಿದರೆ ಎರಡು ಮೂರು ಹನಿ ಬಿದ್ದರೆ ಹದ ಬಂತು.

3–4 ಇಂಚು ಆಳದ, ತಳಕ್ಕೆ ತೂತಿರುವ ಪ್ಲಾಸ್ಟಿಕ್ ಕುಂಡ ತೆಗೆದುಕೊಳ್ಳಿ. ಮಣ್ಣಿನ ಕುಂಡ ಉಪ್ಪು ಎಳೆದು ಹಿಡಿಯುತ್ತದೆ. ಬರ್ಮಾನಿಯನ್ನು ಕೊನೆಯವರೆಗೆ ಇರಬೇಕಾದ ಕುಂಡದಲ್ಲೇ ಬಿತ್ತಿ. ಬೀಜ ಗಸಗಸೆಗಿಂತ ಸಣ್ಣದು, ಫ್ಯಾನ್ ಆರಿಸಿಯೇ ಪೊಟ್ಟಣ ಬಿಚ್ಚಿ. ಬಿಳಿ ಕಾಗದವನ್ನು ನಡುವೆ ಮಡಚಿ ಅದರ ಮೇಲೆ ಬೀಜ ಸುರಿದು, ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಉದುರಿಸಿ. ಮೇಲೆ ಮಣ್ಣು ಮುಚ್ಚಬಾರದು, ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ನೀರು ಯಾವಾಗಲೂ ಕೆಳಗಿನಿಂದ: ತಟ್ಟೆಯಲ್ಲಿ ಅರ್ಧ ಇಂಚು. ಮೇಲಿಂದ ಸುರಿದರೆ ಬೀಜವೆಲ್ಲ ಅಂಚಿಗೆ ಹರಿದು ಒಂದೇ ಕಡೆ ಗುಂಪಾಗುತ್ತದೆ.

ಎರಡು ಮೂರು ತೂತು ಮಾಡಿದ ಪಾರದರ್ಶಕ ಮುಚ್ಚಳ ಹಾಕಿ, ಎಲ್‌ಇಡಿ ಟ್ಯೂಬಿನಿಂದ ಗೇಣು ಕೆಳಗೆ ದಿನಕ್ಕೆ 12–14 ತಾಸು ಇಡಿ. ಧಾರವಾಡದ ಆಷಾಢದ ಮೋಡದಲ್ಲಿ ಕಿಟಕಿ ಬೆಳಕನ್ನು ನಂಬಬೇಡಿ. ಮುಚ್ಚಳ ಹಾಕಿದ ಕುಂಡಕ್ಕೆ ನೇರ ಬಿಸಿಲು ಬಿದ್ದರೆ ಒಳಗೆ ಬೆಂದೇ ಹೋಗುತ್ತದೆ. ಮೊಳಕೆಗೆ ಬರ್ಮಾನಿ 2–3 ವಾರ, ಕೆಪೆನ್ಸಿಸ್ 2–4 ವಾರ, ಕೆಲವು ಇನ್ನೂ ತಡ. ಒಂದೂವರೆ ತಿಂಗಳಾಗುವ ಮುನ್ನ ಕುಂಡ ಚೆಲ್ಲಬೇಡಿ. ಮೊದಲ ಎಲೆಗಳನ್ನು ಭೂತಗನ್ನಡಿಯಲ್ಲೇ ನೋಡಬೇಕು, ಅಷ್ಟರಲ್ಲೂ ಹನಿ ಕಾಣುತ್ತದೆ.

ಬಿಳಿ ಬೂಷ್ಟು ಬಂದರೆ ಗಾಳಿ ಸಾಲದು, ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಮುಚ್ಚಳ ತೆಗೆಯಿರಿ. ಹಸಿರು ಪಾಚಿ ಹೆಚ್ಚಾದರೆ ತಟ್ಟೆಯ ನೀರು ಇಳಿಸಿ. ಎಲೆಯಲ್ಲಿ ಹನಿ ಇಲ್ಲದಿದ್ದರೆ ಬೆಳಕು ಸಾಲದು ಅಥವಾ ಗಾಳಿ ಒಣದು. ಗದಗಿನಂಥ ಬೀಸುಗಾಳಿಯ ಊರಲ್ಲಿ ಮುಚ್ಚಳವನ್ನು ಒಮ್ಮೆಲೇ ತೆಗೆಯದೆ, ವಾರಕ್ಕೆ ಇಷ್ಟಿಷ್ಟೇ ಸರಿಸುತ್ತ ಹೋಗಿ. ಎರಡು ತಿಂಗಳ ಸಸಿಗೆ ಅಕ್ವೇರಿಯಂ ಮೀನಿನ ಆಹಾರವನ್ನು ಹಿಟ್ಟಿನಂತೆ ಅರೆದು, ಸೂಜಿ ಮೊನೆಯಷ್ಟನ್ನು ಎಲೆಗೆ ಮುಟ್ಟಿಸಿದರೆ ಬೆಳವಣಿಗೆ ಬೇಗ. ಹೆಚ್ಚಾದರೆ ಎಲೆ ಕೊಳೆಯುತ್ತದೆ. ಮನೆಯ ಸೊಳ್ಳೆ ಇದರಿಂದ ಕಡಿಮೆಯಾಗುತ್ತವೆಯೇ ಎಂದು ಕೇಳುವವರಿಗೆ: ಇಲ್ಲ, ಸೊಳ್ಳೆ ಪರದೆಯೇ ಗತಿ.

ಬರ್ಮಾನಿಯನ್ನು ಮಿರಗದ ಮಳೆ ಹಿಡಿದ ಮೇಲೆ ಬಿತ್ತಿ. ಕೆಪೆನ್ಸಿಸ್ ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದ ಬಹುವಾರ್ಷಿಕ ಗಿಡ, ನಮ್ಮ ಏಪ್ರಿಲ್ ಬಿಸಿಲಿಗೆ ಮುನ್ನ ಬಲಿಯಬೇಕು, ಆದ್ದರಿಂದ ಸೆಪ್ಟೆಂಬರ್ ದಾಟಿಸಬೇಡಿ. ಇಂಡಿಕಾ ಎಂಬ ಮೂರನೆಯ ಜಾತಿಯ ಬೀಜ ಸದ್ಯ ಕೊಡುವುದಿಲ್ಲ, ಅದು ಮೊಳೆಯುವ ಭರವಸೆ ಕಡಿಮೆ. ಘಟ್ಟದ ಕಡೆಯಿಂದ ಕಿತ್ತು ತಂದ ಗಿಡ ನಾವು ಮಾರುವುದಿಲ್ಲ, ಕೊಳ್ಳುವುದೂ ಇಲ್ಲ.

ಬರ್ಮಾನಿ, ಕೆಪೆನ್ಸಿಸ್ ಎರಡೂ ತಮ್ಮ ಹೂವಿನಲ್ಲೇ ಪರಾಗ ಮುಟ್ಟಿಸಿಕೊಂಡು ಬೀಜ ಕಟ್ಟುತ್ತವೆ. ಕಾಯಿ ಕಪ್ಪಾಗಿ ಒಣಗಿದಾಗ ಕಡ್ಡಿ ಕತ್ತರಿಸಿ ಕಾಗದದ ಲಕೋಟೆಗೆ ಉದುರಿಸಿ, ಗಾಳಿ ಆಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಹಾಗೆ ಮಾಡಿದವರು ಬರುವ ವರ್ಷ ನಮ್ಮಲ್ಲಿ ಬೀಜ ಕೊಳ್ಳಬೇಕಾಗಿಲ್ಲ. ವ್ಯಾಪಾರದ ದೃಷ್ಟಿಯಿಂದ ಇದನ್ನು ಬರೆಯಬಾರದಿತ್ತೇನೋ.

ಸಸಿಗೆಂದು ಈಗಾಗಲೇ ಮುಂಗಡ ಕೊಟ್ಟವರು ಹಣ ವಾಪಸ್ ಪಡೆಯಬಹುದು, ಇಲ್ಲವೇ ಅದೇ ಮೊತ್ತಕ್ಕೆ ಬೀಜ ಮತ್ತು ಮಿಶ್ರಣ. ಯಾವುದು ಬೇಕೆಂದು ರಸೀದಿ ನಂಬರಿನೊಂದಿಗೆ ಜೂನ್ ಮೊದಲ ವಾರದೊಳಗೆ ತಿಳಿಸಿ. ಬೀಜ ಕೇಳುವಾಗ ನಿಮ್ಮ ನೀರಿನ ಟಿಡಿಎಸ್ ಅಂಕಿಯನ್ನೂ ಬರೆಯಿರಿ.

ನರ್ಸರಿ ಬಳಗ, ಧಾರವಾಡ