ಇಂದಿರಾಗೆ ಕನ್ನಡ ಮಾತ್ರ ಗೊತ್ತಿತ್ತು: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಜೈಶಂಕರ್ ಅವರೇ, ನಮಸ್ಕಾರ.

1949ರಲ್ಲಿ ಟೋಕಿಯೋದ ಉಯೆನೊ ಮೃಗಾಲಯಕ್ಕೆ ನೆಹರು ಒಂದು ಆನೆ ಕಳಿಸಿದರು. ಅಲ್ಲಿದ್ದ ಆನೆಗಳನ್ನು ಯುದ್ಧದ ಕಾಲದಲ್ಲಿ ಉಪವಾಸ ಕೆಡವಿ ಸಾಯಿಸಿದ್ದರು. ನಮಗೊಂದು ಆನೆ ಕೊಡಿ ಅಂತ ಅಲ್ಲಿನ ಮಕ್ಕಳೇ ಕಾಗದ ಬರೆದಿದ್ದರು. ಹೋದದ್ದು ಮೈಸೂರು ಕಡೆಯ ಆನೆ, ಹೆಸರು ಇಂದಿರಾ. ಅದಕ್ಕೆ ಕನ್ನಡ ಬಿಟ್ಟು ಬೇರೆ ಮಾತು ತಿಳಿಯದು. ಜೊತೆಗೆ ಹೋಗಿದ್ದ ಮಾವುತರಿಂದ ಜಪಾನಿನ ಸಿಬ್ಬಂದಿ ಕನ್ನಡ ಕಲಿತರು.

ನೀವು ಟೋಕಿಯೋ ರಾಯಭಾರ ಕಚೇರಿಯಲ್ಲಿದ್ದವರು. 1998ರ ಪೋಖ್ರಾನ್ ಅಣುಬಾಂಬ್ ಪರೀಕ್ಷೆಗೆ ಜಪಾನ್ ಮುನಿಸಿಕೊಂಡು ಹೊಸ ಸಾಲ ನಿಲ್ಲಿಸಿದ್ದನ್ನು ಹತ್ತಿರದಿಂದ ಕಂಡವರು. ಅದೇ ಜಪಾನ್ 2016ರಲ್ಲಿ ನಮ್ಮ ಜೊತೆ ಅಣುಶಕ್ತಿ ಒಪ್ಪಂದಕ್ಕೆ ಸಹಿ ಹಾಕಿತು. ಎರಡು ಬಾಂಬಿನ ಏಟು ತಿಂದ ದೇಶ ಹಾಗೆ ನಂಬುವುದು ಸಣ್ಣ ಮಾತಲ್ಲ. ಇದರ ಜೊತೆಗೆ ಮಲಬಾರ್ ಅನ್ನೋ ನೌಕಾ ಸಮರಾಭ್ಯಾಸ, ಅಮೆರಿಕ, ಆಸ್ಟ್ರೇಲಿಯಾ ಸೇರಿ ನಾಲ್ಕು ದೇಶಗಳ ಕೂಟವಾದ ಕ್ವಾಡ್, ಎರಡೂ ಸೇನೆಗಳು ಇಂಧನ, ಸಾಮಾನು ಹಂಚಿಕೊಳ್ಳುವ 2020ರ ಒಪ್ಪಂದ. ಚೀನಾ ಮೇಲೆ ಒಂದು ಕಣ್ಣಿಟ್ಟೇ ಇದೆಲ್ಲ ಆಗಿದ್ದು, ಬಾಯಿಬಿಟ್ಟು ಹೇಳಲ್ಲ ಅಷ್ಟೇ, ಅಲ್ವಾ?

ನನ್ನ ತಕರಾರು ಬೇರೆ. ಐದು ವರ್ಷದಲ್ಲಿ ಎರಡೂ ದೇಶಗಳ ನಡುವೆ 5 ಲಕ್ಷ ಜನ ಓಡಾಡಬೇಕು, ಅದರಲ್ಲಿ ನಮ್ಮಿಂದ 50,000 ಕುಶಲ ಕೆಲಸಗಾರರು ಹೋಗಬೇಕು ಅಂತ 2025ರ ಆಗಸ್ಟ್‌ನಲ್ಲಿ ಟೋಕಿಯೋದಲ್ಲಿ ಒಪ್ಪಿದಿರಿ. ನಮ್ಮ ಪಕ್ಕದ ಮನೆ ಹುಡುಗಿ ನರ್ಸಿಂಗ್ ಓದಿದ್ದಾಳೆ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದ ಮೇಲೆ ಅವಳಿಗೆ ಆಸೆ. ಅದಕ್ಕೆ ಎನ್4 ಮಟ್ಟದ, ಅಂದರೆ ಐದು ಹಂತಗಳಲ್ಲಿ ಕೆಳಗಿನಿಂದ ಎರಡನೇ ಹಂತದ ಜಪಾನಿ ಭಾಷೆ ಬರಬೇಕು. ನಮ್ಮ ತಾಲೂಕಿನಲ್ಲಿ ಕಲಿಸುವವರೇ ಇಲ್ಲ. ಫೋನು ನೋಡಿ ಕಲೀತಾಳೆ. ಅಡುಗೆಮನೆ ಡಬ್ಬಗಳ ಮೇಲೆಲ್ಲ ಚೀಟಿ ಅಂಟಿಸಿದ್ದಾಳೆ. ಈಗ ಅವರಮ್ಮನೂ ಸಾರಿಗೆ "ಶಿಯೊ ಜಾಸ್ತಿ ಆಯ್ತು" ಅಂತಾರೆ. ಶಿಯೊ ಅಂದರೆ ಉಪ್ಪು. ಒಬ್ಬ ಏಜೆಂಟ್ ಅವರ ಹತ್ತಿರ ಮುಂಗಡ ಈಸಿಕೊಂಡು ಹೋದವನು ಆಮೇಲೆ ಫೋನೇ ಎತ್ತಲಿಲ್ಲ.

ಆನೆ ಜೊತೆ ಮಾವುತರನ್ನು ಕಳಿಸಿದ ಹಾಗೆ ಈಗ ಜಪಾನಿನಿಂದ ಮೇಷ್ಟ್ರುಗಳನ್ನು ಕರೆಸಿ. ಬೆಂಗಳೂರಿಗಲ್ಲ, ಜಿಲ್ಲೆಯ ನರ್ಸಿಂಗ್ ಕಾಲೇಜು, ಐಟಿಐಗಳಿಗೆ. ನೋಂದಾಯಿತ ಏಜೆಂಟರ ಪಟ್ಟಿ ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ಇರುವ ನಿಮ್ಮ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿದೆ. ಅದನ್ನು ಕನ್ನಡದಲ್ಲಿ ಪಂಚಾಯಿತಿ ಬೋರ್ಡಿಗೆ ಹಾಕಿಸಿ. ಡಿಸೆಂಬರ್‌ನಲ್ಲಿ ಅವಳ ಪರೀಕ್ಷೆ. ಅಷ್ಟರೊಳಗೆ ಪಟ್ಟಿಯಾದರೂ ಬಂದರೆ, ಎರಡನೇ ಏಜೆಂಟಿಗೆ ದುಡ್ಡು ಕೊಡೋ ಮುಂಚೆ ಅವರಮ್ಮ ಒಮ್ಮೆ ನೋಡಿಕೊಳ್ಳುತ್ತಾರೆ.

ಇಂತಿ,
ತಾಲೂಕು ಊರಿನ ಒಬ್ಬ ಮತದಾರ