ಜೈಲಿಗೆ ಹೋದ ಮೊದಲ ರಾತ್ರೀನೇ ಮಾತ್ರೆ ಸಿಗ್ಬೇಕು

ಸಂಪಾದಕರಿಗೆ ನಮಸ್ಕಾರ,

ಜೈಲಲ್ಲಿ ಎಚ್‌ಐವಿ ಹರಡದಂಗೆ ತಡೀಬೇಕು ಅಂದ್ರೆ ಎಲ್ರೂ ಜಾಗೃತಿ ಶಿಬಿರ, ಪೋಸ್ಟರ್ ಅಂತಾರೆ, ಡಿಸೆಂಬರ್ 1ಕ್ಕೆ ಜಾಥಾನೂ ಆಗುತ್ತೆ, ಬೇಡ ಅಂತಲ್ಲ, ಆದ್ರೆ ಅದಕ್ಕಿಂತ ಮುಂಚೆ ಆಗ್ಬೇಕಾದ ಕೆಲಸ ಒಂದಿದೆ.

ನಮ್ಮ ಓಣೀಲಿ ಒಬ್ಬ ಲಾರಿ ಡ್ರೈವರ್ ಇದಾನೆ. ಆರೇಳು ವರ್ಷದಿಂದ ಎಆರ್‌ಟಿ, ಅಂದ್ರೆ ಎಚ್‌ಐವಿನ ಹತೋಟೀಲಿಡೋ ಮಾತ್ರೆ ತಗೋತಾನೆ, ರಾತ್ರಿ ಊಟ ಆದ್ಮೇಲೆ ಒಂದು, ಲೋಡ್ ತಗೊಂಡು ಪುಣೆಗೆ ಹೋದ್ರೂ ಡಬ್ಬಿ ಜೊತೇಲೇ ಇರುತ್ತೆ. ಹೋದ ವರ್ಷ ಹೊಡೆದಾಟದ ಕೇಸಲ್ಲಿ ನ್ಯಾಯಾಂಗ ಬಂಧನ ಆಯ್ತು. ಯಾವ ಜೈಲು ಅಂತ ಬರೆಯಲ್ಲ. ಒಳಗೆ ಬಿಡುವಾಗ ಲೈನಲ್ಲಿ ನಿಲ್ಸಿ ಎಲ್ರ ಮುಂದೇನೇ 'ಏನಾದ್ರೂ ಕಾಯಿಲೆ ಇದ್ಯೇನೋ' ಅಂತ ಕೇಳಿದ್ರಂತೆ, ಇವ್ನು ಇಲ್ಲ ಅಂದ. ಯಾರು ತಾನೇ ಹೌದು ಅಂತಾರೆ ಹೇಳಿ, ಆ ಜನರ ಪಕ್ಕದಲ್ಲೇ ಮಲಗ್ಬೇಕಲ್ಲ. ಹೆಂಡ್ತಿ ಡಬ್ಬಿ ಹಿಡ್ಕೊಂಡು ಗೇಟಿಗೆ ಹೋದ್ರೆ ಹೊರಗಿನ ಔಷಧಿ ಬಿಡಲ್ಲ, ಏನಕ್ಕೆ ಈ ಮಾತ್ರೆ ಅಂತ ಅಲ್ಲೇ ಜೋರಾಗಿ ಕೇಳಿದ್ರು, ಆಕೆ ಅಳ್ತಾ ವಾಪಸ್ ಬಂದ್ಳು, ಜೊತೆಗೆ ನಾನೇ ಹೋಗಿದ್ದೆ. ಹನ್ನೊಂದು ದಿನ ಮಾತ್ರೆ ಇಲ್ಲ.

ಮಾತ್ರೆ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಟೆಸ್ಟಿಗೂ ಸಿಗದಷ್ಟು ಕಮ್ಮಿ ಆಗಿ ಹಂಗೇ ಇದ್ರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ರಿಗೆ ಹರಡಲ್ಲ. ಬಿಟ್ರೆ ಕೆಲವೇ ವಾರದಲ್ಲಿ ಮತ್ತೆ ಏರುತ್ತೆ, ಔಷಧಿಗೆ ಬಗ್ಗದಂಗೂ ಆಗ್ಬಹುದು. 2004ರಿಂದ ಸರ್ಕಾರ ಪುಕ್ಕಟೆ ಕೊಡ್ತಿರೋ ಮಾತ್ರೆನ ಒಂದು ಗೇಟು ತಡೆದ್ರೆ ಹೆಂಗೆ? 2018ರ ಸೆಪ್ಟೆಂಬರ್ 10ಕ್ಕೆ ಜಾರಿಗೆ ಬಂದ ಎಚ್‌ಐವಿ ಏಡ್ಸ್ ಕಾಯ್ದೇಲಿ ಕಸ್ಟಡೀಲಿರೋರಿಗೂ ತಡೆ, ಕೌನ್ಸೆಲಿಂಗ್, ಟೆಸ್ಟು, ಚಿಕಿತ್ಸೆ ಎಲ್ಲಾ ಹಕ್ಕು ಅಂತ ಬರೆದಿದೆ, ಒಪ್ಪಿಗೆ ಇಲ್ದೆ ಟೆಸ್ಟ್ ಮಾಡಂಗಿಲ್ಲ, ಗುಟ್ಟು ಬಿಟ್ಕೊಡಂಗಿಲ್ಲ.

ಕೇಳೋದಿಷ್ಟೇ. ಬಂದ ದಿನಾನೇ ಡಾಕ್ಟರೋ ನರ್ಸೋ ಒಬ್ಬೊಬ್ರನ್ನೇ ಬಾಗಿಲು ಹಾಕಿದ ರೂಮಲ್ಲಿ ಕೂರ್ಸಿ ಕೇಳ್ಲಿ. ಟೆಸ್ಟು ಬೇಕು ಅಂದೋರಿಗೆ ಮಾಡಿ, ಮೂರು ತಿಂಗಳಾದ್ಮೇಲೆ ಮತ್ತೊಮ್ಮೆ ಮಾಡ್ಲಿ, ಯಾಕಂದ್ರೆ ಹೊಸದಾಗಿ ತಗುಲಿದ್ದು ಮೊದಲ ಸಲ ಕಾಣದೇನೂ ಇರಬಹುದು. ಕ್ಷೌರಕ್ಕೆ ತಲೆಗೊಂದು ಹೊಸ ಬ್ಲೇಡು ಕೊಡ್ಲಿ, ನಮ್ಮ ಪಿ.ಬಿ. ರೋಡಿನ ಸಣ್ಣ ಸಲೂನಲ್ಲೂ ಬ್ಲೇಡ್ ಬದಲಾಯಿಸ್ತಾರೆ. ಒಂದೇ ಸೂಜೀಲಿ ಹಚ್ಚೆ ಹಾಕ್ಕೊಂಡ್ರೆ ಏನಾಗುತ್ತೆ ಅಂತ ಹೇಳ್ಲಿ. ಕಾಂಡೋಮ್ ವಿಷ್ಯಕ್ಕೆ ಮುಜುಗರ ಪಟ್ಕೊಂಡು ಎಷ್ಟು ವರ್ಷ ಕಣ್ಣು ಮುಚ್ಕೊಂಡಿರ್ತೀರಿ? ಅಲ್ಲಿರೋರಲ್ಲಿ ಹೆಚ್ಚಿನೋರು ವಿಚಾರಣಾಧೀನರು, ಬೇಲ್ ಸಿಕ್ಕಿದ ದಿನ ಹೆಂಡ್ತಿ ಮಕ್ಕಳ ಹತ್ರಾನೇ ಬರ್ತಾರೆ. ಹೊರಗೆ ಬಿಡುವಾಗ ಒಂದು ತಿಂಗಳ ಮಾತ್ರೆ ಕೈಗೆ ಕೊಟ್ಟು ಕಳಿಸ್ಲಿ.

ಹಾಂ, ಎಚ್‌ಐವಿ ಇರೋರನ್ನ ಬೇರೆ ಬ್ಯಾರಕಿಗೆ ಹಾಕಿ ಅಂತ ಯಾರೂ ಅನ್ಬೇಡಿ. ಒಂದೇ ತಟ್ಟೇಲಿ ಉಂಡ್ರೂ, ಪಕ್ಕ ಮಲಗಿದ್ರೂ, ಸೊಳ್ಳೆ ಕಚ್ಚಿದ್ರೂ ಬರಲ್ಲ.

ಇದ್ರ ಬಗ್ಗೆ ಯಾರನ್ನ ಕೇಳೋದು ಅಂತ ಗೊತ್ತಾಗದ ಮನೆಯೋರು ಸರ್ಕಾರದ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಆವತ್ತು ಗೇಟಿನ ಹತ್ರ ನಮಗೆ ಈ ನಂಬರ್ ಗೊತ್ತಿರ್ಲಿಲ್ಲ.

ಒಬ್ಬ ಓದುಗ, ನಿಟ್ಟುವಳ್ಳಿ, ದಾವಣಗೆರೆ